ತುಂಬು ಬಿಡಿಸುವ ಮೇಜು: ಕೈ ನಿಲುಕಿನ ಲೆಕ್ಕ ಹಾಕಿ ಕಟ್ಟಿದ್ದು

ವೆಲ್ಡಿಂಗ್ ಅಂಗಡಿಗೆ ಹೋಗಿ, ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸಲು ನಾಲ್ಕು ಮಂದಿ ಕೂಡುವ ಮೇಜು ಬೇಕು ಎಂದರೆ ಬರುವ ಮೊದಲ ಉತ್ತರ ‘ಎಂಟು ಬೈ ನಾಲ್ಕು’. ಶೀಟು ಬರುವುದೇ 2440 × 1220 ಮಿಮೀ ಅಳತೆಯಲ್ಲಿ. ಕತ್ತರಿಸದೆ ಹಾಗೇ ಹಾಸಿದರೆ ಕೂಲಿಯೂ ಉಳಿಯಿತು, ತುಂಡೂ ಬೀಳಲಿಲ್ಲ. ಇಬ್ಬಿಬ್ಬರು ಎದುರುಬದುರು ಕೂತು ನಡುವೆ ರಾಶಿ ಸುರಿದುಕೊಂಡರೆ ಒಬ್ಬೊಬ್ಬರ ಪಾಲಿಗೆ 610 ಮಿಮೀ ಆಳ. ಭುಜದಿಂದ ಬೆರಳ ತುದಿಯವರೆಗಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೂತ ಮೇಲೆ ಗೊತ್ತಾಗುವುದು: ರಾಶಿಯ ಆಚೆ ಅರ್ಧ ಬೆನ್ನು ಬಗ್ಗಿಸದೆ ಕೈಗೆ ಬರುವುದಿಲ್ಲ. ಜನವರಿಯಿಂದ ಬೇಸಿಗೆವರೆಗೆ ಬ್ಯಾಡಗಿ ಮಾರುಕಟ್ಟೆಗೆ ಕಾಯಿ ಹರಿದು ಬರುವ ದಿನಗಳಲ್ಲಿ ಈ ಕೆಲಸ ಬೆಳಗಿನಿಂದ ಸಂಜೆವರೆಗೆ ನಡೆಯುತ್ತದೆ. ಕಾಯಿಗೊಂದು ಸಲ ಬಗ್ಗಿದರೆ ದಿನಕ್ಕೆ ಸಾವಿರಗಟ್ಟಲೆ ಸಲ ಬಗ್ಗಿದಂತಾಯಿತು.

ಇಲ್ಲಿ ಕೊಟ್ಟಿರುವುದು 1500 × 900 ಮಿಮೀ ಮೇಜಿನ ಲೆಕ್ಕ ಮತ್ತು ಕಟ್ಟುವ ಕ್ರಮ. ತೋಳಿನ ಉದ್ದವೇ ಮೇಜಿನ ಆಳ ಎಂದು ಹಿಡಿದರೆ ಮೇಜು ಯಾವಾಗಲೂ ದೊಡ್ಡದಾಗುತ್ತದೆ. ನಿಲುಕನ್ನು ತಿನ್ನುವುದು ಮೂರು ಬೇರೆ ಅಳತೆಗಳು: ಭುಜ ಮೇಜಿಗಿಂತ ಎಷ್ಟು ಮೇಲಿದೆ, ಹೊಟ್ಟೆ ಭುಜವನ್ನು ಮೇಜಿನ ಅಂಚಿನಿಂದ ಎಷ್ಟು ಹಿಂದೆ ನಿಲ್ಲಿಸುತ್ತದೆ, ಬೆರಳು ಚಿವುಟುವಾಗ ಎಷ್ಟು ಮಡಚುತ್ತದೆ.

ಏನೇನು ಅಳೆಯಬೇಕು

ಬೇಕಾದ ಸಾಮಾನು ಕಡಿಮೆ: ಗೋಡೆಗೆ ಅಂಟಿಸಿದ ಉಕ್ಕಿನ ಟೇಪು, 400 ಮಿಮೀ ಎತ್ತರದ ಗಟ್ಟಿ ಸ್ಟೂಲು (ಮೆತ್ತೆ ಬೇಡ), ಒಂದು ಮೂಲೆಮಟ್ಟ, ತೂಕಗುಂಡು, ಸೀಮೆಸುಣ್ಣ. ಅಳೆಯಬೇಕಾದ್ದು ಎಂಟು: ನಿಂತ ಎತ್ತರ, ಕೂತಾಗ ಸೀಟಿನಿಂದ ಭುಜದ ಎಲುಬಿನ ತುದಿಯವರೆಗಿನ ಎತ್ತರ, ಕೂತಾಗ ಮೊಣಕೈ ಎತ್ತರ, ಭುಜದಿಂದ ಚಿವುಟುವ ಬೆರಳವರೆಗಿನ ಉದ್ದ, ಎರಡು ಭುಜಗಳ ನಡುವಿನ ಅಗಲ, ಭುಜದ ಗೆರೆಯಿಂದ ಹೊಟ್ಟೆಯ ಮುಂಭಾಗಕ್ಕೆ ಇರುವ ಅಂತರ, ತೊಡೆಯ ದಪ್ಪ, ನೆಲದಿಂದ ಮೊಣಕಾಲ ಹಿಂಬದಿಯವರೆಗಿನ ಎತ್ತರ.

ಅಳತೆ ತಪ್ಪುವ ಜಾಗಗಳೂ ಗೊತ್ತಿರುವವೇ. ನಿಂತ ಎತ್ತರಕ್ಕೆ ತುರುಬು ಸೇರಿಕೊಳ್ಳುತ್ತದೆ. ಮೂಲೆಮಟ್ಟವನ್ನು ನೆತ್ತಿಗೆ ತಾಗುವವರೆಗೆ ಒತ್ತಬೇಕು, ಆಗದಿದ್ದರೆ ತುರುಬು ಬಿಚ್ಚಿಸಬೇಕು. ಬೆಳಿಗ್ಗೆಗಿಂತ ಸಂಜೆ ಮನುಷ್ಯನ ಎತ್ತರ ಒಂದು ಸೆಂಟಿಮೀಟರಿಗೂ ಹೆಚ್ಚು ಇಳಿದಿರುತ್ತದೆ, ಆದ್ದರಿಂದ ಎಲ್ಲರನ್ನೂ ಒಂದೇ ಹೊತ್ತಿನಲ್ಲಿ ಅಳೆಯಿರಿ. ತೋಳಿನ ಉದ್ದಕ್ಕೆ ಟೇಪನ್ನು ಮೈಮೇಲೆ ಹಾಸಿದರೆ ತೋಳಿನ ಉಬ್ಬು ಸೇರಿ ಹೆಚ್ಚು ಬರುತ್ತದೆ. ಕೈಯನ್ನು ಪಕ್ಕಕ್ಕೆ ಇಳಿಬಿಟ್ಟು ಗೋಡೆಯ ಟೇಪಿನ ಮೇಲೆ ಭುಜದ ಎತ್ತರ, ಬೆರಳಿನ ಎತ್ತರ ಎರಡನ್ನೂ ಗುರುತಿಸಿ ಕಳೆಯುವುದು ಒಳ್ಳೆಯದು. ಬೆನ್ನನ್ನು ಗೋಡೆಗೆ ಆನಿಸಿ ಕೈ ಮುಂದೆ ಚಾಚಿಸುವ ವಿಧಾನದಲ್ಲಿ ಒಂದು ಮೋಸವಿದೆ. ‘ಎಲ್ಲೀತನಕ ಬರ್ತೈತಿ ನೋಡೋಣ್ರಿ’ ಎಂದರೆ ಯಾರೇ ಆಗಲಿ ಭುಜವನ್ನೂ ಮುಂದಕ್ಕೆ ನೂಕುತ್ತಾರೆ, ಐದರಿಂದ ಹತ್ತು ಸೆಂಟಿಮೀಟರು ಸುಮ್ಮನೆ ಹೆಚ್ಚು ಬರುತ್ತದೆ. ದಿನವಿಡೀ ಮಾಡುವ ಕೆಲಸಕ್ಕೆ ಆ ಹೆಚ್ಚುವರಿಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಕೂತ ಅಳತೆಗೂ ಹೀಗೆಯೇ. ‘ನೆಟ್ಟಗ ಕುಂಡ್ರಿ’ ಎಂದರೆ ಫೋಟೋ ತೆಗೆಸಿಕೊಳ್ಳುವವರಂತೆ ಸೆಟೆದು ಕೂಡುತ್ತಾರೆ. ‘ಆರಾಮ ಕುಂಡ್ರಿ ಅಕ್ಕಾ, ಕೆಲಸ ಮಾಡುವಾಗ ಹೆಂಗ ಕುಂಡ್ರತೀರಿ ಹಂಗ’ ಎಂದರೆ ಭುಜ ಕೆಲವು ಸೆಂಟಿಮೀಟರು ಇಳಿಯುತ್ತದೆ. ಎರಡನ್ನೂ ಬರೆದುಕೊಳ್ಳಿ, ಮೇಜಿಗೆ ಬಳಸುವುದು ಎರಡನೆಯದನ್ನು. ಪ್ರತಿ ಅಳತೆ ಎರಡು ಸಲ. ವ್ಯತ್ಯಾಸ 5 ಮಿಮೀ ಮೀರಿದರೆ ಮೂರನೆಯದು ತೆಗೆದು ನಡುವಿನದನ್ನು ಇಟ್ಟುಕೊಳ್ಳಿ.

ಎತ್ತರದಿಂದ ನಿಲುಕು ಊಹಿಸುವುದು

ಎಲ್ಲರನ್ನೂ ಅಳೆಯಲು ಸಿಗುವುದಿಲ್ಲ. ಈ ವರ್ಷ ಬಂದವರು ಮುಂದಿನ ಸುಗ್ಗಿಗೆ ಬರದೆಯೂ ಇರಬಹುದು. ಆಗ ನೆರವಿಗೆ ಬರುವುದು ಎತ್ತರಕ್ಕೂ ಅಂಗಗಳಿಗೂ ಇರುವ ಅನುಪಾತ. ಡ್ರಿಲಿಸ್ ಮತ್ತು ಕಾಂಟಿನಿ ಎಂಬ ಸಂಶೋಧಕರು 1966ರಲ್ಲಿ ಕೊಟ್ಟ ಪಟ್ಟಿ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ: ಮೇಲ್ದೋಳು ಎತ್ತರದ 0.186, ಮುಂದೋಳು 0.146, ಅಂಗೈ ಬೆರಳು ಸೇರಿ 0.108. ನಿಂತಾಗ ಭುಜದ ಎತ್ತರ 0.818, ಮೊಣಕೈ 0.630, ಕೂತ ಎತ್ತರ 0.520, ಎರಡು ಭುಜಗಳ ನಡುವಿನ ಅಗಲದ ಅರ್ಧ 0.129. ಇವು ಅಮೆರಿಕದಲ್ಲಿ ಸಿದ್ಧವಾದ ಸಂಖ್ಯೆಗಳು, ನಮ್ಮ ಕಡೆಯವರ ಕಾಲು–ಮುಂಡದ ಪಾಲು ಹಾಗೇ ಇರಬೇಕೆಂದಿಲ್ಲ. ಮೊದಲ ಗೆರೆ ಎಳೆಯಲು ಸಾಕು, ಶೀಟು ಕತ್ತರಿಸಲು ಸಾಲದು. ಭಾರತೀಯರ ಅಳತೆಗಳನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಕೋಷ್ಟಕಗಳಾಗಿ ಪ್ರಕಟಿಸಿದೆ. ಅದು ಕೈಗೆ ಸಿಕ್ಕರೆ ಅದನ್ನೇ ಹಿಡಿಯಿರಿ.

ಯಾರ ಎತ್ತರ ಹಿಡಿಯಬೇಕು? ನಿಲುಕಿನ ಪ್ರಶ್ನೆ ಬಂದಾಗ ಕುಳ್ಳಗಿನವರದು. ತೊಡೆ, ಹೊಟ್ಟೆಗೆ ಜಾಗ ಬಿಡುವ ಪ್ರಶ್ನೆ ಬಂದಾಗ ದೊಡ್ಡ ಮೈಯವರದು. ಸರಾಸರಿ ಹೆಂಗಸಿಗೆ ಮಾಡಿದ ಮೇಜು ಅರ್ಧದಷ್ಟು ಮಂದಿಗೆ ನಿಲುಕುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಭಾರತೀಯ ಮಹಿಳೆಯರ ಸರಾಸರಿ ಎತ್ತರ 152 ಸೆಂಮೀ ಆಸುಪಾಸು. ಪ್ರಮಾಣ ವಿಚಲನೆ (ಅಳತೆಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಇರುತ್ತವೆ ಎಂಬ ಲೆಕ್ಕ) 55 ಮಿಮೀ ಎಂದು ಹಿಡಿದರೆ ನೂರರಲ್ಲಿ ಐದು ಮಂದಿ ಮಾತ್ರ ಇದಕ್ಕಿಂತ ಕುಳ್ಳು ಎನ್ನುವ ಎತ್ತರ 1520 − 1.645 × 55 = 1430 ಮಿಮೀ; ಆ ಕಡೆ ತುದಿ 1610. ಕೆಲಸದ ಮನೆಯಲ್ಲಿ ಇರುವುದೇ ಹತ್ತು–ಹದಿನೈದು ಮಂದಿ ಎಂದಾದರೆ ಶೇಕಡಾವಾರು ಲೆಕ್ಕದ ಗೊಡವೆ ಬೇಡ, ಅವರಲ್ಲಿ ಅತಿ ಕುಳ್ಳಗಿನವರನ್ನು ಕೂಡಿಸಿ ಅಳೆದು, ಮುಂದೆ ಬರುವವರಿಗೆಂದು ಸ್ವಲ್ಪ ಬಿಡಿ.

1430 ಎತ್ತರಕ್ಕೆ ಮೇಲ್ದೋಳು 266, ಮುಂದೋಳು 209, ಕೈ 154, ಒಟ್ಟು 629 ಮಿಮೀ. ಆದರೆ ತುಂಬು ಬಿಡಿಸುವುದು ಬೆರಳ ತುದಿಯಿಂದ ಮುಟ್ಟುವ ಕೆಲಸವಲ್ಲ, ಹೆಬ್ಬೆರಳು–ತೋರುಬೆರಳಿನಲ್ಲಿ ಚಿವುಟಿ ಎತ್ತುವ ಕೆಲಸ. ಅದಕ್ಕೆ 30 ಕಳೆದರೆ 600 ಉಳಿಯಿತು.

ಇಲ್ಲಿ ಒಂದು ಎಚ್ಚರ. ಅಂಗ ಅಂಗಕ್ಕೂ ಕೋಷ್ಟಕದ ಐದನೇ ಶೇಕಡಾಂಶ (ನೂರರಲ್ಲಿ ಐದು ಮಂದಿಗೆ ಮಾತ್ರ ಇದಕ್ಕಿಂತ ಕಡಿಮೆ ಇರುವ ಅಳತೆ) ತೆಗೆದುಕೊಂಡು ಕೂಡಿಸಿದರೆ ಬರುವುದು ತೋಳಿನ ಐದನೇ ಶೇಕಡಾಂಶವಲ್ಲ. ಕುಳ್ಳ ಮೇಲ್ದೋಳು ಇದ್ದವರಿಗೆಲ್ಲ ಕುಳ್ಳ ಮುಂದೋಳು, ಕುಳ್ಳ ಕೈ ಇರುವುದಿಲ್ಲ. ಮೂರರ ವಿಚಲನೆ 15, 12, 8 ಎಂದಿಟ್ಟುಕೊಳ್ಳಿ. ನೇರ ಕೂಡಿಸಿದರೆ ಸರಾಸರಿಯಿಂದ 1.645 × 35 = 58 ಮಿಮೀ ಕಡಿತ. ಅವುಗಳ ನಡುವಿನ ಸಹಸಂಬಂಧ (ಒಂದು ಹೆಚ್ಚಿದರೆ ಇನ್ನೊಂದೂ ಎಷ್ಟರಮಟ್ಟಿಗೆ ಹೆಚ್ಚುತ್ತದೆ ಎಂಬುದು; ಪೂರ್ತಿ ಜೊತೆಗಿದ್ದರೆ 1) 0.5 ಎಂದು ಹಿಡಿದು ಸರಿಯಾಗಿ ಕೂಡಿಸಿದರೆ ಒಟ್ಟು ವಿಚಲನೆ 28.8, ಕಡಿತ 47. ಹನ್ನೊಂದು ಮಿಮೀ ಸಣ್ಣದಾಗಿ ಕಂಡರೂ ಸೊಂಟ, ಮುಂಡ, ತೋಳು, ಕೈ ಎಂದು ಆರೇಳು ತುಂಡು ಕೂಡಿಸುವ ಲೆಕ್ಕದಲ್ಲಿ ಇದು ದೊಡ್ಡದಾಗುತ್ತದೆ. ಎತ್ತರವೊಂದನ್ನೇ ಹಿಡಿದು ಅನುಪಾತದಿಂದ ಇಳಿದರೆ ಈ ತೊಡಕು ಬರುವುದಿಲ್ಲ.

ಆಗ ಬರುವ ತೊಡಕು ಬೇರೆ: ಒಂದೇ ಎತ್ತರದವರ ತೋಳು ಒಂದೇ ಉದ್ದ ಇರುವುದಿಲ್ಲ. ತೋಳಿನ ವಿಚಲನೆ 30 ಮಿಮೀ, ಎತ್ತರದೊಂದಿಗೆ ಅದರ ಸಹಸಂಬಂಧ 0.7 ಎಂದಾದರೆ, ಎತ್ತರ ತಿಳಿದ ಮೇಲೂ ಉಳಿಯುವ ವಿಚಲನೆ 30 × √(1 − 0.49) ≈ 21 ಮಿಮೀ. ಅದರ ಐದನೇ ಶೇಕಡಾಂಶಕ್ಕೆ ಇಳಿದರೆ ಇನ್ನೂ 35 ಕಳೆಯಬೇಕು, ಅಂದರೆ 565. ಕುಳ್ಳಗಿನವರಲ್ಲೂ ಗಿಡ್ಡ ತೋಳಿನವರು ಎಂದು ಎರಡು ಸಲ ಕಳೆದಂತಾಯಿತು, ಲೆಕ್ಕಕ್ಕೆ ಇದು ಅತಿ ಎಚ್ಚರ. ಆದರೂ 565 ಅನ್ನೇ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ನಿಲುಕಿನ ಕೊನೆಯ ಗೆರೆಯ ಮೇಲೆ ಕೈ ಪೂರ್ತಿ ನೆಟ್ಟಗಾಗಿರುತ್ತದೆ; ಆ ಜಾಗಕ್ಕೆ ಒಂದು ಸಲ ಕೈ ಹೋಗುವುದು ಬೇರೆ, ನಿಮಿಷಕ್ಕೆ ಹತ್ತಾರು ಸಲ ಹೋಗುವುದು ಬೇರೆ.

ತೋಳು 629, ಮೇಜಿನ ಮೇಲೆ 290

ಈಗ ಮೂರು ಕಡಿತಗಳು. ಸೀಟಿನಿಂದ ಭುಜದ ಎತ್ತರ: 0.818 − (1 − 0.520) = 0.338, ಅಂದರೆ 483 ಮಿಮೀ. ಅದೇ ರೀತಿ ಮೊಣಕೈ 0.150, ಅಂದರೆ 214. ಹಗುರ ಕೈಕೆಲಸಕ್ಕೆ ಮೇಜಿನ ಮೇಲ್ಮೈ ಮೊಣಕೈಗಿಂತ ಸ್ವಲ್ಪ ಕೆಳಗಿದ್ದರೆ ಭುಜ ಎತ್ತಿ ಹಿಡಿಯಬೇಕಾಗುವುದಿಲ್ಲ. ಸೀಟಿನಿಂದ 180 ಎಂದು ಇಟ್ಟುಕೊಳ್ಳೋಣ. ಇನ್ನೂ ಕೆಳಗಿಳಿಸಬಹುದಲ್ಲ ಎಂದರೆ ತೊಡೆ ಬಿಡುವುದಿಲ್ಲ. ಮೇಜಿನ ಚೌಕಟ್ಟು 26 ಮಿಮೀ ದಪ್ಪ ಇದ್ದರೂ ತೊಡೆಗೆ ಉಳಿಯುವುದು 154 ಮಾತ್ರ.

ಭುಜ ಮೇಜಿಗಿಂತ 483 − 180 = 303 ಮಿಮೀ ಮೇಲಿದೆ. ತೋಳು ಓರೆಯಾಗಿ ಕೆಳಗಿಳಿಯುವುದರಿಂದ ಮೇಜಿನ ಮೇಲೆ ಅದರ ಅಡ್ಡ ನಿಲುಕು √(565² − 303²) = 477. ಇದು ಭುಜದ ನೇರಕ್ಕೆ. ರಾಶಿ ಇರುವುದು ಎದೆಯ ನೇರಕ್ಕೆ, ಭುಜದಿಂದ 184 ಮಿಮೀ ಒಳಗೆ. ಅಲ್ಲಿ √(477² − 184²) = 440. ಇನ್ನು ಹೊಟ್ಟೆ. ಭುಜದ ಗೆರೆಯಿಂದ ಹೊಟ್ಟೆಯ ಮುಂಭಾಗ, ಸೀರೆಯ ನೆರಿಗೆ, ಅಂಚಿಗೆ ಒಂದಿಷ್ಟು ಸಡಿಲ, ಎಲ್ಲ ಸೇರಿ 150. ಉಳಿದದ್ದು 290.

ಶೀಟು ಕತ್ತರಿಸದೆ ಹಾಸಿದ್ದರೆ ಒಬ್ಬರ ಪಾಲು 610 ಆಗುತ್ತಿತ್ತು. ಕಡಿಮೆ ಬೀಳುವ 320 ಮಿಮೀಯನ್ನು ಸೊಂಟ ಭರಿಸಬೇಕು.

ಮೂರರಲ್ಲಿ ನಮ್ಮ ಕೈಯಲ್ಲಿ ಇರುವುದು ಕೊನೆಯದೊಂದೇ. ಮೇಜಿನ ಅಂಚಿನಲ್ಲಿ ಪ್ರತಿಯೊಬ್ಬರ ಮುಂದೆ 400 ಅಗಲ, 60 ಆಳದ ಬಾಗು ಕತ್ತರಿಸಿದರೆ ಮೈ ಅಷ್ಟು ಒಳಗೆ ಬರುತ್ತದೆ, ಹೊರ ಅಂಚಿನಿಂದ ಅಳೆದರೆ ನಿಲುಕು 350. ಮೇಜಿನಲ್ಲಿ ಒಬ್ಬೊಬ್ಬರ ಪಾಲಿನ ಆಳ 350 ಎಂದು ನಿಂತದ್ದು ಇಲ್ಲಿ. ಬಾಗನ್ನು ಇನ್ನೂ ಆಳ ಮಾಡಲು ಆಸೆಯಾಗುತ್ತದೆ; 100 ದಾಟಿದರೆ ಪಕ್ಕದ ರೆಕ್ಕೆಗಳು ಮೊಣಕೈಗೆ ತಾಗುತ್ತವೆ, ಎದ್ದು ಕೂಡುವಾಗ ಸ್ಟೂಲು ಎಳೆಯಬೇಕಾಗುತ್ತದೆ.

ದೂರದ ಗೆರೆ ಆಯಿತು, ಹತ್ತಿರದ್ದು ಇನ್ನೂ ಮುಖ್ಯ. ಮೊಣಕೈ ಮೈಪಕ್ಕದಲ್ಲೇ ಇದ್ದು ಮುಂದೋಳಷ್ಟೇ ಆಡುವ ವಲಯದಲ್ಲಿ ಹೆಚ್ಚಿನ ಕೆಲಸ ಮುಗಿಯಬೇಕು. ಮುಂದೋಳು, ಕೈ ಸೇರಿ ಚಿವುಟುವ ಬೆರಳವರೆಗೆ 209 + 154 − 30 = 333. ಮೇಲ್ದೋಳು 20 ಡಿಗ್ರಿ ಮುಂದೆ ಬಂದರೆ ಮೊಣಕೈ 266 × 0.342 = 91 ಮಿಮೀ ಮುಂದೆ ಹೋಗುತ್ತದೆ, ಏರುವುದು 16 ಮಾತ್ರ. ಈ 20 ಡಿಗ್ರಿ ಮನಸ್ಸಿಗೆ ಬಂದ ಸಂಖ್ಯೆಯಲ್ಲ. ಕೂತ–ನಿಂತ ಭಂಗಿಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 11226 ಮೇಲ್ದೋಳಿಗೆ ಆಸರೆಯಿಲ್ಲದೆ ಒಪ್ಪುವ ಗಡಿ ಅದು. ಭುಜದ ಗೆರೆ ಹೊರ ಅಂಚಿನಿಂದ 90 ಹಿಂದಿರುವುದರಿಂದ 333 + 91 − 90 = 334. ಅಂದರೆ ಬಾಗು ಇದ್ದ ಮೇಜಿನಲ್ಲಿ 350ರ ಪೈಕಿ ಹೆಚ್ಚುಕಡಿಮೆ ಎಲ್ಲವೂ, ಮೊಣಕೈಯ ನೇರದಲ್ಲಿ, ಹತ್ತಿರದ ವಲಯವೇ. ಬಾಗು ಇಲ್ಲದಿದ್ದರೆ ಇದು 274ಕ್ಕೆ ಇಳಿಯುತ್ತದೆ.

ರಟ್ಟಿನ ಮೇಲೆ ಪರೀಕ್ಷೆ

ಲೆಕ್ಕ ಮುಗಿದ ಮೇಲೆ ಕಬ್ಬಿಣಕ್ಕೆ ಕೈ ಹಾಕುವ ಮುಂಚೆ ಫ್ರಿಜ್ ಪೆಟ್ಟಿಗೆಯ ರಟ್ಟನ್ನು ಎರಡು ಬೆಂಚಿನ ಮೇಲೆ ಹಾಸಿ ಸರಿಯಾದ ಎತ್ತರಕ್ಕೆ ತನ್ನಿ. ಬಾಗು ಕತ್ತರಿಸಿ. ಕುಳ್ಳಗಿನವರನ್ನು ಕೂಡಿಸಿ, ಸೀಮೆಸುಣ್ಣವನ್ನು ಕಾಯಿ ಹಿಡಿದಂತೆ ಚಿವುಟಿ ಹಿಡಿಸಿ, ಮೊದಲು ಮೊಣಕೈ ಮೈಗಿಟ್ಟು, ಆಮೇಲೆ ತೋಳು ಚಾಚಿ, ಎರಡೂ ಕೈಯಲ್ಲಿ ಗೆರೆ ಎಳೆಸಿ. ಬಗ್ಗುತ್ತಾರೋ ಇಲ್ಲವೋ ಕಣ್ಣಿಗೆ ಕಾಣದು. ಹಿಂದಿನ ಗೋಡೆಯಿಂದ ಒಂದು ದಾರ ತಂದು ಬೆನ್ನಿನ ಮೇಲ್ಭಾಗದಲ್ಲಿ ಕುಪ್ಪಸಕ್ಕೆ ಪಿನ್ನು ಹಾಕಿ ಸ್ವಲ್ಪ ಸಡಿಲವಾಗಿ ಬಿಡಿ. ದಾರ ಬಿಗಿದರೆ ಬಗ್ಗಿದರು ಎಂದರ್ಥ, ಆ ಗೆರೆ ಲೆಕ್ಕಕ್ಕಿಲ್ಲ.

ಎಳೆದ ಗೆರೆ ಕೈವಾರದ ವೃತ್ತದಂತೆ ಬರುವುದಿಲ್ಲ. ಹತ್ತಿರದ ವಲಯ ಒಳಮುಖವಾಗಿ ಹೆಚ್ಚು ಹಿಗ್ಗುತ್ತದೆ, ಹೊರಗೆ ಕುಗ್ಗುತ್ತದೆ. ಮುಂದೋಳು ತಿರುಗುವಾಗ ಮೊಣಕೈ ಒಂದೇ ಕಡೆ ನಿಲ್ಲದೆ ತಾನೂ ಸರಿಯುವುದು ಇದಕ್ಕೆ ಕಾರಣ. ಹಳೆಯ ಅರ್ಧವೃತ್ತದ ಚಿತ್ರಗಳನ್ನು 1956ರಲ್ಲಿ ಸ್ಕ್ವೈರ್ಸ್ ಎಂಬ ಸಂಶೋಧಕ ತಿದ್ದಿದ್ದು ಈ ಕಾರಣಕ್ಕೇ. ಜೊತೆಗೆ ಮುಂದೋಳನ್ನು ಹೊರಕ್ಕೆ ಮೂವತ್ತು–ನಲವತ್ತು ಡಿಗ್ರಿಗಿಂತ ಹೆಚ್ಚು ತಿರುಗಿಸಿ ಇಟ್ಟುಕೊಳ್ಳುವುದು ಆರಾಮವಲ್ಲ. ಲೆಕ್ಕಕ್ಕೂ ಗೆರೆಗೂ 20–25 ಮಿಮೀ ವ್ಯತ್ಯಾಸ ಬಂದರೆ ಗೆರೆಯನ್ನು ನಂಬಿ. 50 ದಾಟಿದರೆ ಎರಡರಲ್ಲೊಂದು ತಪ್ಪಿದೆ, ಸಾಮಾನ್ಯವಾಗಿ ಸೀಟಿನ ಎತ್ತರ.

ಕಾಯಿ ಎಲ್ಲಿ ಬೀಳಬೇಕು

ರಾಶಿಯಿಂದ ಕಾಯಿ ಎತ್ತುವಷ್ಟೇ ಸಲ ತುಂಬು ಎಸೆಯಬೇಕು, ಅಷ್ಟೇ ಸಲ ಕಾಯಿ ಬಿಡಬೇಕು. ರಾಶಿಯನ್ನು ಹತ್ತಿರ ತಂದು ಚೀಲವನ್ನು ಬೆನ್ನ ಹಿಂದೆ ಇಟ್ಟರೆ ಪ್ರಯೋಜನವಿಲ್ಲ. ಮೊದಲು ಹೊಳೆಯುವ ಉಪಾಯ, ಎಡಕ್ಕೊಂದು ಬಲಕ್ಕೊಂದು ಕಂಡಿ (ಕೆಳಗೆ ಚೀಲ ತೂಗುವ ತೂತು): ಒಂದು ಕಾಯಿಗೆ, ಒಂದು ತುಂಬಿಗೆ. ಪಕ್ಕದಲ್ಲಿ ಕೂತವರ ಜೊತೆ ಕಂಡಿ ಹಂಚಿಕೊಂಡರೆ ಇಬ್ಬರಲ್ಲಿ ಒಬ್ಬರು ಉಲ್ಟಾ ಕೈಯಲ್ಲಿ ಕೆಲಸ ಮಾಡಬೇಕಾಗುತ್ತದೆ. ಕೂಲಿ ಕಿಲೋ ಲೆಕ್ಕದಲ್ಲಿ ಇರುವಾಗ ಇಬ್ಬರ ಕಾಯಿ ಒಂದೇ ಚೀಲಕ್ಕೆ ಬಿದ್ದರೆ ಸಂಜೆ ತಕ್ಕಡಿ ಮುಂದೆ ಜಗಳ. ಆದ್ದರಿಂದ ಕಂಡಿ ಒಂದೇ ಇದ್ದರೂ ನಡುವೆ ತಗಡು ಹಾಕಿ ಎರಡು ಮಾಡಬೇಕು. ಒಂದೊಂದು ಭಾಗ 130 × 170 ಮಿಮೀ. 90ಕ್ಕೆ ಇಳಿಸಿದರೆ ಉದ್ದನೆಯ ಕಡ್ಡಿಕಾಯಿ ಅಡ್ಡ ಬಿದ್ದು ಕಟ್ಟಿಕೊಳ್ಳುತ್ತದೆ, ಗಿಡ್ಡ, ದಪ್ಪ ಡಬ್ಬಿಕಾಯಿಗೆ ಅಷ್ಟು ತೊಂದರೆಯಿಲ್ಲ.

ಹೀಗೆ ಪ್ರತಿಯೊಬ್ಬರ ಎರಡೂ ಪಕ್ಕಕ್ಕೆ ತಮ್ಮದೇ ಕಂಡಿ. ಒಂದಕ್ಕೆ ಒಳ್ಳೆಯ ಕಾಯಿ, ಇನ್ನೊಂದಕ್ಕೆ ಬಿಳಿಚಿದ, ಕೊಳೆತ ಕಾಯಿ. ಎಡಗೈಯವರು ಬಂದರೆ ಚೀಲ ಅದಲುಬದಲು ಮಾಡಿದರಾಯಿತು. ತುಂಬಿಗೆ ಕಂಡಿಯೇ ಬೇಡ. ಮುರಿದಲ್ಲೇ ಬೀಳಲಿ ಎಂದು ಬಾಗಿನ ಅಂಚಿಗೆ 300 × 120 × 20 ಮಿಮೀ ತಟ್ಟೆ. ಕಂಡಿಯ ನಡು ಹೊರ ಅಂಚಿನಿಂದ 180 ಒಳಗೆ, ಕೂತವರ ನಡುಗೆರೆಯಿಂದ 310 ಪಕ್ಕಕ್ಕೆ. ಮೊಣಕೈಯನ್ನು ಭುಜದಿಂದ 30 ಹೊರಗೆ, ಅಂದರೆ 214ರಲ್ಲಿ ಹಿಡಿದರೆ ಅಲ್ಲಿಂದ ಕಂಡಿಗೆ √(96² + 270²) = 287; ಮುಂದೋಳಿನ 333ರೊಳಗೇ ಬಂತು.

ಕತ್ತರಿಸುವ ಪಟ್ಟಿ, ಕಟ್ಟುವ ಕ್ರಮ

ಅಂಗಡಿಯಲ್ಲಿ ಮಾತು ಇಂಚು–ಸೂತಿನಲ್ಲಿ ನಡೆಯುತ್ತದೆ, ಒಂದು ಸೂತು ಎಂದರೆ ಮೂರು ಮಿಮೀ ಚಿಲ್ಲರೆ. ಮಿಮೀ ಬರೆದ ಚಿತ್ರ ಕೊಟ್ಟು, ಮೊದಲ ತುಂಡು ಕತ್ತರಿಸುವಾಗ ಪಕ್ಕದಲ್ಲಿ ನಿಲ್ಲಿ.

25 × 25 × 2 ಮಿಮೀ ಚೌಕ ಪೈಪು: 1500ರ ಎರಡು (ಹೊರ ಅಂಚಿನಿಂದ 60 ಒಳಗೆ ಬರುವ ಮುಂದಿನ ಪಟ್ಟಿಗಳು), 780ರ ಎರಡು (ತುದಿಗಳಿಗೆ), 1450ರ ಎರಡು (ಅಂಚಿನಿಂದ 300ರಲ್ಲಿ), 730ರ ಅಡ್ಡಪಟ್ಟಿ ಎರಡು. ಒಟ್ಟು ಒಂಬತ್ತು ಮೀಟರು, ಆರು ಮೀಟರಿನ ಎರಡು ಪೈಪು ಸಾಕು. ಅಡ್ಡಪಟ್ಟಿಗಳು ಕೂತವರ ನಡುಗೆರೆಗೆ, ಅಂದರೆ ತುದಿಯಿಂದ 375ಕ್ಕೆ ಬರಬೇಕು. ಮೇಜಿನ ನಟ್ಟನಡುವೆ ಹಾಕಿದರೆ ಕಂಡಿಗೆ ಅಡ್ಡ ಬರುತ್ತದೆ. ಕಾಲಿಗೆ 40 × 40 × 2 ಪೈಪು: 544ರ ನಾಲ್ಕು ಕಾಲು, 700ರ ಎರಡು ನೆಲಪಟ್ಟಿ, 220ರ ಎರಡು ಜೋಡಣೆ, 1420ರ ಒಂದು ಉದ್ದಪಟ್ಟಿ; ಒಂದೇ ಪೈಪಿನಲ್ಲಿ ಮುಗಿಯುತ್ತದೆ.

ಮೇಲ್ಹಾಸಿಗೆ 1.2 ಮಿಮೀ ಸ್ಟೀಲು, 304 ದರ್ಜೆ. 1550 × 325ರ ಎರಡು ಪಟ್ಟಿ. ತುದಿಯಲ್ಲಿ 25 ಮೇಲಕ್ಕೆ ಮಡಚಿ ಕಾಯಿ ಉದುರದಂತೆ ಕಟ್ಟೆ, ಮುಂದೆ 15 ಕೆಳಕ್ಕೆ ಮಡಚಿ ಅಂಚು. ನಡುವಿನ 300 ಅಗಲಕ್ಕೆ 5 ಮಿಮೀ ದುಂಡು ತೂತಿನ ಶೀಟು, ಅಂಟಿಸದೆ ಸುಮ್ಮನೆ ಇಡುವುದು. ಚೀಲ ಸುರಿಯುವುದು ಅಲ್ಲೇ. ಬೀಜ, ಧೂಳು ಅಲ್ಲೇ ಕೆಳಗಿಳಿಯುತ್ತದೆ. ಜಾಲರಿ ತಂತಿ ಬೇಡ, ಕಾಯಿಯ ಮೊನೆ ಸಿಕ್ಕಿ ಮುರಿಯುತ್ತದೆ. ತೂತಿನ ಶೀಟು ಬ್ಯಾಡಗಿ, ಹಾವೇರಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಕಡೆ ವಿಚಾರಿಸಿ. ಉಳಿದ ಶೀಟಿನಲ್ಲಿ ಬೀಜದ ತಟ್ಟೆ ಎರಡು (720 × 320 × 60, ಎರಡೂ ತುದಿಯಿಂದ ಎಳೆಯುವಂತೆ), ತುಂಬಿನ ತಟ್ಟೆ ನಾಲ್ಕು ಬರುತ್ತವೆ.

ನಡುವಿನ 200 ಮಿಮೀ ಯಾರ ನಿಲುಕಿಗೂ ಸೇರಿದ್ದಲ್ಲ, ರಾಶಿ ನಿಲ್ಲುವ ಜಾಗ. ಇಳಿಜಾರು ಕೊಟ್ಟರೆ ಕಾಯಿ ತಾನೇ ಜಾರಿ ಬಂದೀತು ಎಂಬ ಲೆಕ್ಕ ಬ್ಯಾಡಗಿ ಕಾಯಿಗೆ ನಡೆಯದು. ಸುಕ್ಕು ಹೆಚ್ಚು, ಒಂದಕ್ಕೊಂದು ಹೆಣೆದುಕೊಂಡು ನಿಲ್ಲುತ್ತದೆ. ಹಿಡಿಕೆ ಹಚ್ಚಿದ ಸಣ್ಣ ಹಲಗೆಯೊಂದನ್ನು ಇಟ್ಟು ಆಗಾಗ ಎಳೆದುಕೊಳ್ಳುವುದೇ ಸರಿ.

ಬೆಸುಗೆಗೆ ಮುಂಚೆ ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ ಮೂಲೆಗಳಿಗೆ ಟ್ಯಾಕ್ (ಚುಕ್ಕಿ ಬೆಸುಗೆ) ಮಾತ್ರ ಹಾಕಿ. 1500 × 780ಕ್ಕೆ ಮೂಲೆಯಿಂದ ಮೂಲೆಗೆ 1691 ಬರಬೇಕು, ಎರಡು ಕರ್ಣಗಳ ವ್ಯತ್ಯಾಸ 2 ಮಿಮೀ ಮೀರಬಾರದು. ಒಂದೇ ಬದಿಯಿಂದ ಸಾಲಾಗಿ ಬೆಸೆಯುತ್ತ ಹೋದರೆ ಎರಡು ಮಿಮೀ ಪೈಪು ಬಿಲ್ಲಿನಂತೆ ಬಾಗುತ್ತದೆ. ಎದುರು ಮೂಲೆಗಳಿಗೆ ಹಾರಿ ಹಾರಿ ಬೆಸೆಯಬೇಕು.

ಕಾಲುಗಳು ಹೊರ ಮೂಲೆಗಳಿಗಲ್ಲ, ಅಂಚಿನಿಂದ 300ಕ್ಕೆ ಬರುವ ಪಟ್ಟಿಗಳ ತುದಿಗೆ. ಮೂಲೆಗೆ ಹಾಕಿದರೆ ತುದಿಯಲ್ಲಿ ಕೂತವರು ಒಳಗೆ ಸರಿದು ಕೂಡಲು ಕಾಲೇ ಅಡ್ಡಿ. ಕಾಲು ಒಳಗೆ ಬಂದರೆ ಮೇಜು ಪಲ್ಟಿ ಹೊಡೆಯುವ ಭಯ, ಅದಕ್ಕೇ 700 ಉದ್ದದ ನೆಲಪಟ್ಟಿ. ಮೇಜಿನ ತೂಕ ಸುಮಾರು 40 ಕೆಜಿ. ಅಂಚು ನೆಲಪಟ್ಟಿಯಿಂದ 100 ಹೊರಗಿದೆ. 40 × 350 ÷ 100, ಅಂದರೆ ಅಂಚಿನ ಮೇಲೆ 140 ಕೆಜಿ ಭಾರ ಬೀಳುವವರೆಗೆ ಏಳುವುದಿಲ್ಲ.

ಸ್ಟೀಲನ್ನು ಕಬ್ಬಿಣದ ಚೌಕಟ್ಟಿಗೆ ಬೆಸೆಯಬೇಡಿ, ಬೆಸುಗೆಯ ಸುತ್ತ ತುಕ್ಕು ಬರುತ್ತದೆ; 4.8 ಮಿಮೀ ಪಾಪ್ ರಿವೆಟ್ ಸಾಕು. ಕಂಡಿಯ ನಾಲ್ಕು ಮೂಲೆಗೆ ಮೊದಲು 12 ಮಿಮೀ ತೂತು ಕೊರೆದು ಆಮೇಲೆ ಗ್ರೈಂಡರಿನಿಂದ ಕತ್ತರಿಸಿದರೆ ಮೂಲೆ ದಾಟಿ ಸೀಳುವುದಿಲ್ಲ. ಕಂಡಿಗೂ ಬಾಗಿಗೂ ರಬ್ಬರ್ ಬೀಡಿಂಗ್ ಕಡ್ಡಾಯ. ಬಳೆ, ಸೆರಗು, ಮಣಿಕಟ್ಟು ದಿನಕ್ಕೆ ಎಷ್ಟು ಸಲ ಉಜ್ಜುತ್ತವೋ. ನಡುವಿನ ತಗಡು ಮೇಲ್ಮೈಗಿಂತ 20 ಕೆಳಗೇ ನಿಲ್ಲಲಿ, ಮೇಲೆ ಬಂದರೆ ಕಾಯಿ ಅದರ ಮೇಲೆ ಕೂಡುತ್ತದೆ.

ಅಂಗಡಿಯವರು ಗಟ್ಟಿಯಾಗಲಿ ಎಂದು ಮುಂದಿನ ಅಂಚಿಗೆ ಹೇಳದೆ ಕೇಳದೆ 40ರ ಪೈಪು ಹಾಕುವುದುಂಟು. 15 ಮಿಮೀ ಹೋಯಿತು ಎಂದರೆ ದಪ್ಪ ತೊಡೆಯವರ ಕಾಲು ಒಳಗೆ ಹೋಗುವುದಿಲ್ಲ, ಅವರು ಸ್ಟೂಲನ್ನು ಹಿಂದಕ್ಕೆ ಸರಿಸುತ್ತಾರೆ; ಬಾಗು ಕತ್ತರಿಸಿ ಗಳಿಸಿದ 60 ಅಲ್ಲಿಗೇ ಖರ್ಚು. ಗಟ್ಟಿ ಬೇಕಾದರೆ ರೆಕ್ಕೆಯ ಕೆಳಗೆ 20 × 3 ಪಟ್ಟಿ ಹಚ್ಚಿಸಿ.

ಎತ್ತರ ಹೊಂದಿಸುವುದು

ಮೇಜು 610ಕ್ಕೆ ನಿಲ್ಲಿಸಿ, ಹೊಂದಾಣಿಕೆಯನ್ನು ಸ್ಟೂಲಿಗೆ ಬಿಡುವುದು ಅಗ್ಗ. 400ರ ಸ್ಟೂಲು, ಅದರ ಮೇಲೆ 15 ಮಿಮೀ ಪ್ಲೈವುಡ್ ಒಂದೋ ಎರಡೋ. ದೊಡ್ಡ ಮೈಯವರಿಗೆ 400 ಸೀಟು: ಮೇಲ್ಮೈ 210 ಮೇಲೆ, ತೊಡೆಗೆ 184. ಕುಳ್ಳಗಿನವರಿಗೆ 430: ಮೇಲ್ಮೈ 180. ಆಗ ಅವರ ಕಾಲು ನೇತಾಡುತ್ತದೆ. ಮೊಣಕಾಲ ಹಿಂಬದಿ ಎತ್ತರ 350 ಇದ್ದವರಿಗೆ 80 ಎತ್ತರದ ಕಾಲ್ಮಣೆ ಬೇಕೇ ಬೇಕು. ಕಾಲ್ಮಣೆ ಇಲ್ಲದೆ ಕೂತವರು ಸೀಟಿನ ತುದಿಗೆ ಜಾರಿ ಕಾಲು ನೆಲಕ್ಕೂರುತ್ತಾರೆ, ಬೆನ್ನು ಗೂನಾಗುತ್ತದೆ, ಭುಜ ಇಳಿಯುತ್ತದೆ, ಹಾಕಿದ ಲೆಕ್ಕವೆಲ್ಲ ಬುಡಮೇಲು. ಬೀಜದ ತಟ್ಟೆಯ ತಳ ನೆಲದಿಂದ 524ರಲ್ಲಿ. ಕಾಲ್ಮಣೆಯ ಮೇಲಿಟ್ಟ ಮೊಣಕಾಲು 490ರ ಹತ್ತಿರ ಬರುತ್ತದೆ, ತಾಗುವುದಿಲ್ಲ. ಒಂದು ಕಾಲು ಮಡಚಿ ಸ್ಟೂಲಿನ ಮೇಲೆ ಇಟ್ಟುಕೊಳ್ಳುವ ರೂಢಿಯವರಿಗೆ ಮಾತ್ರ ಈ ಮೇಜು ಒಗ್ಗದು, ಮಡಚಿದ ತೊಡೆ ಚೌಕಟ್ಟಿಗೆ ಬಡಿಯುತ್ತದೆ.

ಫ್ಯಾನನ್ನು ಒಬ್ಬರ ಬೆನ್ನ ಹಿಂದಿನಿಂದ ಬೀಸಿದರೆ ಘಾಟೆಲ್ಲ ಎದುರಿನವರ ಮುಖಕ್ಕೆ. ಮೇಜಿನ ತುದಿಯ ಗೋಡೆಗೆ ಗಾಳಿ ಹೊರಗೆಳೆಯುವ ಫ್ಯಾನು ಹಾಕಿ, ಕೂತವರ ಉದ್ದಕ್ಕೆ ಗಾಳಿ ಹಾಯಲಿ.

ನೆಲದ ಮೇಲೇ ಕೂಡುವವರಿಗೆ

ಬಹಳ ಮಂದಿಗೆ ಸ್ಟೂಲು ಬೇಡ. ಚಕ್ಕಳಮಕ್ಕಳ ಕೂತರೂ ಭುಜದಿಂದ ಸೀಟಿಗೆ ಇರುವ ಅಂತರ ಅದೇ, ಆದ್ದರಿಂದ ನಿಲುಕಿನ ಲೆಕ್ಕ ಬದಲಾಗುವುದಿಲ್ಲ. ಬದಲಾಗುವುದು ಮೊಣಕಾಲಿನ ಜಾಗ. ಮಡಚಿದ ಕಾಲು ಹೊಟ್ಟೆಯ ಮುಂದೆ ಚಾಚಿಕೊಂಡಿರುತ್ತದೆ. ಮೇಜು ಅದರ ಮೇಲೆ ಹಾಯದಿದ್ದರೆ ಭುಜ ಅಷ್ಟೂ ಹಿಂದೆ ಉಳಿಯುತ್ತದೆ. 75 ಎತ್ತರದ ಮಣೆಯ ಮೇಲೆ ಕೂಡಿಸಿ, ಮೇಲ್ಮೈಯನ್ನು ನೆಲದಿಂದ 255ಕ್ಕೆ ಇಟ್ಟರೆ ಕೆಳಗೆ 229 ಸಿಗುತ್ತದೆ, ಮಡಚಿದ ಮೊಣಕಾಲಿಗೆ ಅಷ್ಟು ಸಾಕು. ಬೀಜದ ತಟ್ಟೆಯ ಆಳ 60ರಿಂದ 25ಕ್ಕೆ ಇಳಿಸಿ, ಉದ್ದಪಟ್ಟಿಯನ್ನು ತಟ್ಟೆಯ ಕೆಳಗಿನಿಂದ ತೆಗೆದು ನೆಲಕ್ಕೆ ತನ್ನಿ. ಮೊಣಕಾಲು ಅಗಲಕ್ಕೆ ಹರಡುವುದರಿಂದ ಇಬ್ಬರ ನಡುವೆ 750 ಸಾಲದು, 900 ಬೇಕು. ಮೇಜಿನ ಉದ್ದ 1800 ಆಗುತ್ತದೆ. ನಡುವಿನ ಜೋಡಿ ಕಂಡಿಯನ್ನು 260ರ ಬದಲು 400 ಅಗಲಕ್ಕೆ ಹಿಗ್ಗಿಸಿ, ತಗಡು ಒಂದರ ಬದಲು ಎರಡು ಹಾಕಿ, ನಡುವೆ ಉಳಿಯುವ ಜಾಗಕ್ಕೆ ನೀರಿನ ತಂಬಿಗೆ ಇಡಲು ಒಂದು ತಟ್ಟೆ ಕೂಡಿಸಬಹುದು. ಚೀಲ ತೂಗಲು ಎತ್ತರ ಇರುವುದಿಲ್ಲವಾದ್ದರಿಂದ ಕಂಡಿಯ ಕೆಳಗೆ 200 ಎತ್ತರದ ಪ್ಲಾಸ್ಟಿಕ್ ಕ್ರೇಟು, ತುಂಬಿದಂತೆಲ್ಲ ತುದಿಯಿಂದ ಎಳೆದು ಬದಲಿಸುವಂತೆ.